ಗಡಿಬಿಡ್ಯಾನ ಆರು ವಾರ

ನಿವೃತ್ತಿಯಾದ ಮರುದಿನ ಗುರುಸಂಗಪ್ಪ ಎಂದಿನಂತೆ ನಾಲ್ಕೂವರೆಗೆ ಎದ್ದ, ದಾಡಿ ಮಾಡಿಕೊಂಡ, ಖಾಕಿ ಅಂಗಿಯ ಗುಂಡಿ ಹಾಕಿಕೊಂಡು ಬಾಗಿಲ ತನಕ ಹೋದ. ಅಲ್ಲಿಗೆ ಹೋದ ಮೇಲೆಯೇ ತನಗೆ ಹೋಗಬೇಕಾದ ಜಾಗ ಯಾವುದೂ ಇಲ್ಲವೆಂಬುದು ಅವನಿಗೆ ನೆನಪಾದದ್ದು. ಮೂವತ್ತೊಂದು ವರ್ಷ ಸರಕಾರಿ ಬಸ್ಸು ಹೊಡೆದವನು; ನರಗುಂದದಿಂದ ರೋಣ, ರೋಣದಿಂದ ಗಜೇಂದ್ರಗಡ, ಮತ್ತೆ ತಿರುಗಿ ಅದೇ ದಾರಿ. ಅಷ್ಟು ವರ್ಷ ಓಡಿದವನನ್ನು ಒಂದು ಹಾರ ಹಾಕಿ, ಒಂದು ಶಾಲು ಹೊದಿಸಿ ನಿಲ್ಲಿಸಿಬಿಡಬಹುದು ಎಂದು ಡಿಪೋದವರು ತಿಳಿದಿದ್ದರು. ಅವನ ಕಾಲು ಒಪ್ಪಬೇಕಲ್ಲ!

ಅವನ ಮನೆ ರೋಣದಲ್ಲಿ, ಗಜೇಂದ್ರಗಡ ರಸ್ತೆಗೆ ಕೂಡುವ ಓಣಿಯೊಳಗೆ. ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ರಸ್ತೆ ಕಾಣುತ್ತದೆ. ಅದೇ ತಪ್ಪಾಯಿತು. ರಸ್ತೆಯಲ್ಲಿ ಯಾರಾದರೂ ಅಡ್ಡ ಬಂದರೆ ಇಲ್ಲಿ ಗುರುಸಂಗಪ್ಪನ ಬಲಗಾಲು ನೆಲವನ್ನೇ ಬ್ರೇಕೆಂದು ಒತ್ತುತ್ತಿತ್ತು. ಪ್ರತಿ ಬಸ್ಸಿಗೂ ಎದ್ದು ಬಾಗಿಲಿಗೆ ಹೋಗುವುದು, 'ನಾಕ್ ಮಿನಿಟು ಲೇಟು' ಎಂದು ಗೊಣಗುವುದು, ಬಂದು ಕೂಡುವುದು, ಮತ್ತೆ ಏಳುವುದು. ಊಟಕ್ಕೆ ಕೂತರೂ ಅಷ್ಟೇ. ಹೆಂಡತಿ ಚನ್ನವ್ವ ಎರಡನೇ ರೊಟ್ಟಿ ತರುವಷ್ಟರಲ್ಲಿ ಕೈ ತೊಳೆದುಕೊಂಡಿರುತ್ತಿದ್ದ.

"ಒಂದ್ ಕಡೆ ಇರ್ರೀ," ಎನ್ನುತ್ತಿದ್ದಳು ಚನ್ನವ್ವ. "ನಿಮ್ಮನ್ನ ನೋಡಿ ನೋಡಿ ನನ್ನ ತಲಿ ಗಿರಗಿರ ಅನ್ನಾಕತ್ತೈತಿ."

ಈ ಪರದಾಟದ ಸುದ್ದಿ ಹೊಳೆಮಣ್ಣೂರಿನ ತನಕ ಮುಟ್ಟಿತು. ಹತ್ತೊಂಬತ್ತು ವರ್ಷ ಅದೇ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ನಿಜಾಮುದ್ದೀನ ಒಂದು ವರ್ಷ ಮುಂಚೆಯೇ ನಿವೃತ್ತನಾಗಿ ಅಲ್ಲಿ ಹೊಲ ನೋಡಿಕೊಂಡಿದ್ದ. ಒಂದು ದಿನ ಸಂತೆಚೀಲ ಹಿಡಿದುಕೊಂಡು ಬಂದ. ಚೀಲದೊಳಗಿಂದ ಉದ್ದ ಮೂತಿ, ಕಡ್ಡಿಯಂಥ ಕಾಲು, ಹಾಲಿಗೆ ಒಂದಿಷ್ಟು ಬೆಲ್ಲ ಕಲಸಿದ ಬಣ್ಣದ ಒಂದು ಕುನ್ನಿ ಹೊರಗೆ ಜಿಗಿಯಿತು.

"ನಮ್ಮ ಮುಧೋಳ ನಾಯಿ ಮರಿ ಹಾಕಿತ್ತಲೇ ಗುರುಸಂಗ. ಮೂರು ತಿಂಗಳ ತುಂಬ್ಯಾವ. ಇದೊಂದು ಒಂದ್ ಗಳಿಗಿ ನಿಂತಲ್ಲಿ ನಿಲ್ಲಂಗಿಲ್ಲ. ನೀ ನೆನಪಾದಿ," ಎಂದ ನಿಜಾಮುದ್ದೀನ.

ಅವನು ಚಹಾ ಕುಡಿದು ಎದ್ದು ಹೋಗುವಷ್ಟರಲ್ಲಿ ಕುನ್ನಿ ಪಡಸಾಲೆಯಿಂದ ಹಿತ್ತಲಿಗೆ ಹನ್ನೆರಡು ಸಲ ಓಡಿ, ಹಾಲಿನ ಚರಿಗೆ ಉರುಳಿಸಿ, ಒಣಹಾಕಿದ ಸಂಡಿಗೆಯ ಮೇಲೆ ಅಡ್ಡಾಡಿ, ಗುರುಸಂಗಪ್ಪನ ಎಡಗಾಲ ಚಪ್ಪಲಿಯ ಬಾರು ಕಡಿದುಹಾಕಿತ್ತು. "ಒಬ್ಬ ಗಡಿಬಿಡ್ಯಾ ಸಾಲದಾಗಿದ್ದ, ಇನ್ನೊಬ್ಬ ಬಂದ," ಎಂದಳು ಚನ್ನವ್ವ. ದೊಡ್ಡ ಗಡಿಬಿಡ್ಯಾನನ್ನು ಹೆಸರು ಹಿಡಿದು ಕರೆಯುವಂತಿರಲಿಲ್ಲ. ಸಣ್ಣವನಿಗೇ ಆ ಹೆಸರು ನಿಂತಿತು.

ಒಂದು ವಾರ ಗಡಿಬಿಡ್ಯಾ ಮನೆಯವರನ್ನು ಹೈರಾಣ ಮಾಡಿಬಿಟ್ಟ. ಮಲಗುವ ಹೊರಸಿನ ನವಾರಪಟ್ಟಿ ಕಿತ್ತ, ಕಸಬರಿಗೆ ಎಳೆದಾಡಿದ, ಪಕ್ಕದ ಮನೆಯ ಮುಮತಾಜಬಿಯ ಕೋಳಿಗಳನ್ನು ಮಾಳಿಗೆ ಹತ್ತಿಸಿದ. ಗುರುಸಂಗಪ್ಪನಿಗೆ ಮಾತ್ರ ಜೀವ ಬಂದಂತಾಯಿತು. ಇದಕ್ಕೆ ಏನು ಬೇಕೆಂದು ಅವನಿಗೆ ಗೊತ್ತಿತ್ತು. ಓಡಬೇಕು, ಅಷ್ಟೇ. ಬೇಟೆನಾಯಿ ಸಾಕಿದವರು ಅದನ್ನು ಮೋಟಾರ್‌ಸೈಕಲ್ಲಿಗೆ ಕಟ್ಟಿ ಓಡಿಸುವುದನ್ನು ಬಸ್ಸಿನ ಗಾಜಿನಿಂದ ಎಷ್ಟು ಸಲ ನೋಡಿರಲಿಲ್ಲ ಅವನು! ಹಳೆಯ ಕ್ಯಾಲೆಂಡರಿನ ಹಿಂಬದಿಗೆ ವೇಳಾಪಟ್ಟಿಯನ್ನೇ ಬರೆದು ಗೋಡೆಗೆ ಅಂಟಿಸಿದ. ಬೆಳಿಗ್ಗೆ ಆರಕ್ಕೆ ಮೊದಲ ಟ್ರಿಪ್ಪು, ಸಂಜೆ ಐದಕ್ಕೆ ಎರಡನೆಯದು.

ಟಿವಿಎಸ್ ಗಾಡಿಯ ಹಿಂಬದಿಗೆ ಹಗ್ಗ ಕಟ್ಟಿದ. ಅಬ್ಬಿಗೇರಿ ರಸ್ತೆ ಹಿಡಿದ. ಮೊದಲ ದಿನ ಎರಡು ಕಿಲೋಮೀಟರು. ಗಡಿಬಿಡ್ಯಾ ಕಿವಿ ಹಿಂದೆ ಮಾಡಿ, ನಾಲಿಗೆ ಹೊರಗೆ ಹಾಕಿ ಗಾಡಿಯ ಪಕ್ಕಕ್ಕೆ ಪಕ್ಕ ಓಡಿದ. ಹಾಗೆ ಓಡುವುದನ್ನು ನೋಡಿದರೆ ಯಾರಿಗಾದರೂ ಎದೆ ಉಬ್ಬಬೇಕು, ಗುರುಸಂಗಪ್ಪನದು ಉಬ್ಬಿತು. ವಾರ ಕಳೆಯುವಷ್ಟರಲ್ಲಿ ನಾಲ್ಕಾಯಿತು, ಆಮೇಲೆ ಆರು, ತಿಂಗಳಾಗುವಷ್ಟರಲ್ಲಿ ಎಂಟು. ಸಂಜೆ ಐದಕ್ಕೆ ಡಾಂಬರು ಇನ್ನೂ ಕಾದಿರುತ್ತಿತ್ತು. ಅದನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ. ಅವನ ಕಾಲಿಗೆ ಬೂಟಿತ್ತು, ಗಾಡಿಗೆ ಟಯರಿತ್ತು.

ವಿಚಿತ್ರವೆಂದರೆ, ಇಷ್ಟೆಲ್ಲ ಓಡಿದ ಮೇಲೂ ಗಡಿಬಿಡ್ಯಾ ಮನೆಯಲ್ಲಿ ತಣ್ಣಗಾಗಲಿಲ್ಲ. ಎಂಟು ಕಿಲೋಮೀಟರು ಓಡಿ ಬಂದು, ನೀರು ಕುಡಿದು, ಅರ್ಧ ತಾಸಿಗೆ ಮತ್ತೆ ಹೊಸ್ತಿಲಲ್ಲಿ ನಿಂತು ಕುಂಯ್ ಕುಂಯ್ ಎನ್ನುತ್ತಿದ್ದ.

"ಇನ್ನೂ ಕಮ್ಮಿ ಬೀಳಾಕತ್ತೈತಿ ನೋಡು ಅದಕ," ಎಂದ ಗುರುಸಂಗಪ್ಪ. "ನಾಳಿಂದ ಹತ್ತು ಹೊಡಸ್ತೀನಿ."

"ಓಡಿಸಿದಷ್ಟೂ ಓಡೂದನ್ನ ಕಲೀತೈತ್ರಿ ಅದು," ಎಂದಳು ಚನ್ನವ್ವ. "ಕುಂದರೂದನ್ನ ಯಾರ್ ಕಲಸವ್ರು?"

ಅವನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಹೊತ್ತಿಗೆ ಗಜೇಂದ್ರಗಡದ ಬಸ್ಸು ಬಂತು. ಎದ್ದು ಬಾಗಿಲಿಗೆ ಹೋದ.

ಗಡಿಬಿಡ್ಯಾ ಕುಂಟುತ್ತಿರುವುದನ್ನು ಮೊದಲು ನೋಡಿದವಳೂ ಅವಳೇ. ಬೆಳಿಗ್ಗೆ ಏಳುವಾಗ ಮುಂದಿನ ಬಲಗಾಲನ್ನು ನೆಲಕ್ಕೆ ಊರಲೋ ಬೇಡವೋ ಎನ್ನುವಂತೆ ಹಿಡಿಯುತ್ತಿತ್ತು. ನಾಲ್ಕು ಹೆಜ್ಜೆ ನಡೆದ ಮೇಲೆ ಸರಿಹೋಗುತ್ತಿತ್ತು. ಹೇಳಿದಳು. "ಮುಳ್ಳು ಚುಚ್ಚಿರಬೇಕು ತಗೊ," ಎಂದ ಗುರುಸಂಗಪ್ಪ. ಪಾದ ಎತ್ತಿ ನೋಡಿದ, ಮುಳ್ಳಿರಲಿಲ್ಲ. ಇಂಜಿನ್ನಿನಲ್ಲಿ ಒಂದು ಸಣ್ಣ ಟಕ್ ಎಂಬ ಸದ್ದು ಕೇಳಿದರೂ ಬಸ್ಸನ್ನು ಡಿಪೋದಿಂದ ಹೊರಗೆ ತೆಗೆಯದಿದ್ದ ಮನುಷ್ಯ, ಮೂರು ದಿನ ಆ ಕುಂಟುವ ಕಾಲನ್ನು ಕಂಡೂ ಕಾಣದವನಂತಿದ್ದ. ಯಾಕೆಂದು ಅವನಿಗೂ ಗೊತ್ತಿತ್ತು. ಕುನ್ನಿಗೆ ಕಾಲು ನೋವೆಂದು ಒಪ್ಪಿಕೊಂಡರೆ ಬೆಳಗಿನ ಆರು ಗಂಟೆಗೆ ಅವನು ಎಲ್ಲಿ ಹೋಗಬೇಕು?

ನಾಲ್ಕನೇ ದಿನ ಅಬ್ಬಿಗೇರಿ ರಸ್ತೆಯ ಮೂರನೇ ಕಿಲೋಮೀಟರಿನಲ್ಲಿ ಹಗ್ಗ ಬಿಗಿಯಾಯಿತು. ಗುರುಸಂಗಪ್ಪ ಬ್ರೇಕು ಹಾಕಿ ತಿರುಗಿ ನೋಡಿದ. ಗಡಿಬಿಡ್ಯಾ ರಸ್ತೆಯ ನಡುವೆ ಕೂತುಬಿಟ್ಟಿದ್ದ. ಬಲಗಾಲು ಎತ್ತಿ ಹಿಡಿದು ನಡುಗುತ್ತಿದ್ದ. ಬೊಗಳಲಿಲ್ಲ, ಅಳಲಿಲ್ಲ. ಗುರುಸಂಗಪ್ಪ ಹತ್ತಿರ ಬಂದಾಗ ಬಾಲ ಅಲ್ಲಾಡಿಸಿ, ಏಳಲು ಹೋಗಿ, ಮುಗ್ಗರಿಸಿ, ಮತ್ತೆ ಏಳಲು ಹೋಯಿತು. ಓಡೆಂದರೆ ಇನ್ನೂ ಓಡುವುದಕ್ಕೆ ತಯಾರಾಗಿತ್ತು ಅದು. ಗುರುಸಂಗಪ್ಪನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಅಂಗಿಯೊಳಗೆ ಅದನ್ನು ತುರುಕಿಕೊಂಡು, ಒಂದೇ ಕೈಯಲ್ಲಿ ಗಾಡಿ ಹಿಡಿದು ಹೊರಟ. ಅಷ್ಟು ನಿಧಾನವಾಗಿ ಅವನು ಜನ್ಮದಲ್ಲಿ ಯಾವ ಗಾಡಿಯನ್ನೂ ಹೊಡೆದಿರಲಿಲ್ಲ.

ದನದ ದವಾಖಾನೆಯ ಡಾಕ್ಟರ್ ನಮ್ರತಾ ನರಗುಂದದ ಹುಡುಗಿ, ಕೆಲಸಕ್ಕೆ ಬಂದು ಎರಡು ವರ್ಷವಾಗಿತ್ತು. ಗುರುಸಂಗಪ್ಪ ಗದಗಿನಲ್ಲಿ ಎಕ್ಸ್‌ರೇ ತೆಗೆಸಿಕೊಂಡು ಬಂದ ಮೇಲೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಕಾಕಾ, ನಾ ಕಾಲೇಜಿಗೆ ಹೋಗೂ ಮುಂದ ನಿಮ್ಮ ಬಸ್ಸಿನ್ಯಾಗ ಬರ್ತಿದ್ದೆ," ಎಂದಳು. "ಒಂದು ಮಾತು ಕೇಳ್ತೀನಿ. ಡಿಪೋಕ್ಕ ಹೊಸಾ ಬಸ್ಸು ಬಂದ್ರ ಮೊದಲಿಗೆ ಹ್ಯಾಂಗ ಹೊಡೀತಿದ್ರಿ?"

"ಹೊಸಾದ? ಇಂಜಿನ್ ಹದಕ್ಕ ಬರೂತನಾ ಜೋರ ಹೊಡಿಬಾರದ್ರಿ ಡಾಕ್ಟರ್ ಬಾಯಾರ. ನಿಧಾನಕ, ಲೋಡ್ ಹಾಕಲಾರದ..." ಎಂದವನು ಅಲ್ಲಿಗೇ ನಿಂತ.

"ಇದರ ಎಲುಬಿನ ತುದಿ ಇನ್ನೂ ಹಸಿ ಅದ. ಬೆಳಿಲಿಕ್ಕತ್ತದ. ಪೂರಾ ಗಟ್ಟಿ ಆಗಲಿಕ್ಕೆ ವರ್ಷದ ಮ್ಯಾಲೇ ಬೇಕು," ಎಂದಳು ನಮ್ರತಾ. "ಈ ವಯಸ್ಸಿನ್ಯಾಗ ಅದು ತನ್ನಷ್ಟಕ್ಕ ತಾ ಮಣ್ಣಾಗ ಆಡಲಿ, ಸಾಕಾದಾಗ ಮಲಗಲಿ. ಹಗ್ಗ ಹಿಡಕೊಂಡು ನಡಸೂದು ಅಂದ್ರ ಇಪ್ಪತ್ತು, ಇಪ್ಪತ್ತೈದು ನಿಮಿಷ, ಅದೂ ಡಾಂಬರ ತಣ್ಣಗಿದ್ದಾಗ. ಗಾಡಿಗೆ ಕಟ್ಟಿದ್ರ ನಿಲ್ಲೂದು ಅದರ ಕೈಯಾಗ ಇರೂದಿಲ್ಲ ಕಾಕಾ, ನಿಮ್ಮ ಕೈಯಾಗ ಇರ್ತದ."

ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಪಟ್ಟಿ ಕಟ್ಟಿದಳು. ಆರು ವಾರ ಓಡಬಾರದು, ಜಿಗಿಯಬಾರದು, ಮೆಟ್ಟಿಲು ಹತ್ತಬಾರದು. ಕೂಡಿಕೊಂಡರೆ ಮೊದಲಿನಂತಾಗುತ್ತದೆ. ನಡುವೆ ಒಮ್ಮೆ ಜಿಗಿದು ಬಿರುಕು ಬಿಚ್ಚಿಕೊಂಡರೆ ಕಾಲು ಸೊಟ್ಟ ಬೆಳೆದು ಜನ್ಮಪೂರ್ತಿ ಕುಂಟಬೇಕಾಗುತ್ತದೆ. ಗುರುಸಂಗಪ್ಪ ಕೂಸನ್ನು ಎತ್ತಿಕೊಂಡಂತೆ ಅದನ್ನು ಎತ್ತಿಕೊಂಡು ಹೊರಬಂದ.

ಸುದ್ದಿ ಕೇಳಿ ನಿಜಾಮುದ್ದೀನ ಫೋನಿನಲ್ಲಿ ಚೆನ್ನಾಗಿ ಉಗಿದ. "ಬಸ್ಸಿನ್ಯಾಗ ನಾ ಹೋಲ್ಡಾನ್ ಅಂದಾಗ ನಿಂದರ್ತಿದ್ದಿ. ಆ ಮೂಕಪ್ರಾಣಿ ಹ್ಯಾಂಗ ಹೋಲ್ಡಾನ್ ಅನಬೇಕಲೇ?" ಗುರುಸಂಗಪ್ಪ ಫೋನಿಟ್ಟು, ಗೋಡೆಯ ವೇಳಾಪಟ್ಟಿಯನ್ನು ಹರಿದುಹಾಕಿದ.

ಪಡಸಾಲೆಯ ಮೂಲೆಗೆ ಎರಡು ಹೊರಸನ್ನು ಅಡ್ಡ ಮಲಗಿಸಿ ಒಂದು ಸಣ್ಣ ದೊಡ್ಡಿ ಮಾಡಿದರು. ಒಳಗೆ ಗೋಣಿಚೀಲ ಹಾಸಿ ಗಡಿಬಿಡ್ಯಾನನ್ನು ಬಿಟ್ಟರು. ನಿಜವಾದ ಕಷ್ಟ ಆಗ ಶುರುವಾಯಿತು. ಕಾಲಿಗೆ ನೋವಿದ್ದರೂ ಅದರ ಮೈಯೊಳಗಿನ ಚಡಪಡಿಕೆಗೇನೂ ನೋವಿರಲಿಲ್ಲವಲ್ಲ. ಮೂರು ಕಾಲಿನಲ್ಲಿ ನಿಂತು ಹೊರಸಿನ ಮೇಲೆ ಹಾರಲು ನೋಡುತ್ತಿತ್ತು, ಪಟ್ಟಿ ಕಡಿಯುತ್ತಿತ್ತು, ಕುಂಯ್‌ಗುಟ್ಟಿ ಓಣಿಯನ್ನೇ ಎಬ್ಬಿಸುತ್ತಿತ್ತು. ಗುರುಸಂಗಪ್ಪ ಮೂಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಮೂಲೆಗೆ ತಿರುಗುತ್ತ "ಸುಮ್ನಿರಪಾ, ಸುಮ್ನಿರಪಾ" ಎಂದು ಬೇಡಿಕೊಳ್ಳುತ್ತಿದ್ದ. ಎರಡು ದಿನ ಇದೇ ನಡೆಯಿತು. ಮೂರನೇ ದಿನ ಚನ್ನವ್ವ ಒಲೆಯ ಮುಂದಿನಿಂದ ಎದ್ದು ಬಂದಳು.

"ಒಂದ್ ಮಾತು ಹೇಳ್ಲಿ? ಸಿಟ್ಟಿಗೆ ಬರಬ್ಯಾಡ್ರಿ. ನಾ ಅಡ್ಡಾಡಿದ್ರ ಅದು ಕಿವಿ ಸುದ್ದಾ ಎತ್ತಂಗಿಲ್ಲ. ನೀವು ಎದ್ರ ಅದು ಏಳತೈತಿ."

ಗುರುಸಂಗಪ್ಪ ನಂಬಲಿಲ್ಲ. ಹೊರಸಿನ ಪಕ್ಕಕ್ಕೆ ನೆಲದ ಮೇಲೆ ಕೂತು ನೋಡಿದ. ಸ್ವಲ್ಪ ಹೊತ್ತಿಗೆ ಕುನ್ನಿ ಮಲಗಿತು. ಎದ್ದ, ಎದ್ದಿತು. ಕೂತ, ಗದ್ದವನ್ನು ಗೋಣಿಚೀಲದ ಮೇಲಿಟ್ಟು ಕಣ್ಣಷ್ಟೇ ತಿರುಗಿಸುತ್ತ ನೋಡಿತು. ಅವನ ಕಾಲಿನ ಮೇಲೆಯೇ ಅದರ ಕಣ್ಣು. ಅವನು ಏಳುವುದೆಂದರೆ ಓಟವೆಂದು ಒಂದು ತಿಂಗಳು ಅದಕ್ಕೆ ಕಲಿಸಿದವನು ಅವನೇ.

ಹೀಗೆ ಶಿಕ್ಷೆ ಇಬ್ಬರಿಗೂ ಆಯಿತು. ಸುಮ್ಮನೆ ಕೂಡುವುದು ಇಷ್ಟು ಕಷ್ಟದ ದುಡಿಮೆಯೆಂದು ಗುರುಸಂಗಪ್ಪನಿಗೆ ಗೊತ್ತೇ ಇರಲಿಲ್ಲ. ಮೊದಲ ವಾರ ಪಾದ ಜುಮುಗುಟ್ಟಿತು, ಸೊಂಟ ಹಿಡಿಯಿತು, ಬಸ್ಸಿನ ಸದ್ದು ಕೇಳಿದಾಗ ಹಲ್ಲು ಕಚ್ಚಿಕೊಂಡು ಕೂತ. ಒಂದೊಂದು ಸಲ ಅಳು ಬಂದಂತಾಗುತ್ತಿತ್ತು. ಆಗ ಪಕ್ಕಕ್ಕೆ ನೋಡಿದರೆ ಆ ಪಟ್ಟಿ ಕಟ್ಟಿದ ಕಾಲು ಕಾಣುತ್ತಿತ್ತು. ಮತ್ತೆ ಬಿಗಿಯಾಗಿ ಕೂಡುತ್ತಿದ್ದ.

ಕುನ್ನಿಯ ಕಾಲಿಗೆ ಕೆಲಸವಿಲ್ಲದಿದ್ದರೆ ಮೂಗಿಗೆ ಕೆಲಸ ಕೊಡಿ ಎಂದು ನಮ್ರತಾ ಹೇಳಿದ್ದಳು. ಚನ್ನವ್ವ ಹಳೆಯ ಸೀರೆ ಹರಿದು ಕೊಟ್ಟಳು. ಗುರುಸಂಗಪ್ಪ ಆ ಬಟ್ಟೆಯ ಮಡಿಕೆ ಮಡಿಕೆಯೊಳಗೆ ಒಣರೊಟ್ಟಿಯ ಚೂರು ಬಚ್ಚಿಟ್ಟು ಸುತ್ತಿ ಕೊಡುತ್ತಿದ್ದ. ಗಡಿಬಿಡ್ಯಾ ಮಲಗಿದಲ್ಲಿಯೇ ಮೂಸಿ, ಬಿಡಿಸಿ, ಹುಡುಕಿ ತಿನ್ನುತ್ತಿದ್ದ. ಕಾಲು ತಾಸಿನ ಆ ಆಟ ಮುಗಿದ ಮೇಲೆ ಎರಡು ತಾಸು ಗಾಢ ನಿದ್ದೆ. ಎಂಟು ಕಿಲೋಮೀಟರು ಓಡಿಸಿದರೂ ಬಾರದಿದ್ದ ನಿದ್ದೆ ಅದು! ಗುರುಸಂಗಪ್ಪ ಬೆಪ್ಪಾಗಿ ನೋಡುತ್ತ ಕೂತ.

ಅವನ ಕೈಗೂ ಕೆಲಸ ಬಂತು. ಚನ್ನವ್ವ ಮೊರದ ತುಂಬ ಶೇಂಗಾ ತಂದಿಟ್ಟು ಎದುರಿಗೆ ಕೂತಳು. ಇಬ್ಬರೂ ಒಡೆದರು. ಒಡೆಯುತ್ತ ಅವಳು ಓಣಿಯವರ ಸುದ್ದಿ ಹೇಳಿದಳು, ಮುಮತಾಜಬಿ ಕೋಳಿಗೆ ಬೈಯುವ ಬಗೆಯನ್ನು ಅನುಕರಿಸಿ ತೋರಿಸಿದಳು. ಗುರುಸಂಗಪ್ಪ ನಕ್ಕ. ಇವಳು ಇಷ್ಟು ನಗಿಸುತ್ತಾಳೆಂದು ಅವನಿಗೆ ಯಾವತ್ತೂ ತಿಳಿದಿರಲಿಲ್ಲ. ಈಗ ಗೊತ್ತಾದದ್ದಕ್ಕೆ ಸಂತೋಷವೂ ಆಯಿತು, ಒಂದಿಷ್ಟು ನಾಚಿಕೆಯೂ ಆಯಿತು.

ನಾಲ್ಕು ವಾರ ಕಳೆದವು, ಐದೂ ಕಳೆದವು. ನಮ್ರತಾ ಪಟ್ಟಿ ಬಿಚ್ಚಿ ನೋಡಿ, ಚಲೋ ಕೂಡಿಕೊಳ್ಳಲಿಕ್ಕತ್ತದ, ಇನ್ನೊಂದೇ ವಾರ ಎಂದಳು. ಹೆಬ್ಬೆರಳಿನಿಂದ ಎಲುಬಿನ ಗುಂಟ ಒತ್ತಿ ನೋಡುವ ರೀತಿಯನ್ನೂ ತೋರಿಸಿಕೊಟ್ಟಳು. ನೋವಿದ್ದರೆ ಕಾಲು ಎಳೆದುಕೊಳ್ಳುತ್ತದೆ. ಈಗ ಎಳೆದುಕೊಳ್ಳುತ್ತಿರಲಿಲ್ಲ. ಗುರುಸಂಗಪ್ಪನ ಎದೆ ಹಗುರಾಯಿತು. ಹಗುರಾದದ್ದೇ ಕೆಡುಕಾಯಿತು.

ಆ ವಾರದ ನಡುವೆ, ಹತ್ತೂಕಾಲಿನ ಹೊತ್ತು. ರಸ್ತೆಯ ಕಡೆಯಿಂದ ಹಾರ್ನು ಕೇಳಿತು. ಅವನ ಕೈಕೆಳಗೆ ಕಲಿತ ಪರಶು ಈಗ ಅದೇ ಮಾರ್ಗದ ಡ್ರೈವರು. ಓಣಿಯ ಬಾಯಿಗೆ ಬಂದಾಗ ಗೌರವಕ್ಕೆಂದು ಒಮ್ಮೆ ಹಾರ್ನು ಹೊಡೆದು ಹೋಗುತ್ತಿದ್ದ. ಅವತ್ತಿನ ಹಾರ್ನು ಬೇರೆ ಥರ ಇತ್ತು. ಹೊಸ ಬಸ್ಸು! ಬರುತ್ತದೆ ಬರುತ್ತದೆ ಎಂದು ಎರಡು ವರ್ಷದಿಂದ ಡಿಪೋದವರು ಹೇಳುತ್ತಿದ್ದ ಬಸ್ಸು. ಆಗ ಗುರುಸಂಗಪ್ಪ ಹೊರಸಿನ ದೊಡ್ಡಿಯೊಳಗೆ ಕೂತು ಕುನ್ನಿಗೆ ನೀರಿಡುತ್ತಿದ್ದ. ಎದ್ದ, ಹೊರಸು ಸರಿಸಿದ, ಬಾಗಿಲಿಗೆ ಹೋದ. ಸರಿಸಿದ್ದನ್ನು ಮತ್ತೆ ಮುಚ್ಚಲಿಲ್ಲ.

ಕಾಲಿನ ಸಂದಿಯಿಂದ ಏನೋ ಗಾಳಿಯಂತೆ ನುಗ್ಗಿ ಹೋಯಿತು.

ಓಣಿ ದಾಟಿ ರಸ್ತೆಗೆ ಬಂದಾಗ ಗಡಿಬಿಡ್ಯಾ ನಡುರಸ್ತೆಯಲ್ಲಿದ್ದ. ಐದು ವಾರ ಮೈಯೊಳಗೆ ಕಟ್ಟಿ ಇಟ್ಟಿದ್ದೆಲ್ಲ ಹೊರಗೆ ಬರುತ್ತಿತ್ತು. ಹೊಟ್ಟಿನ ಹೇರು ಹೊತ್ತ ಟ್ರ್ಯಾಕ್ಟರು ಗಕ್ಕನೆ ನಿಂತಿತು. ಒಂದು ಟಂಟಂ ಆಟೋ ಪಕ್ಕಕ್ಕೆ ಹೊರಳಿತು. ಗುರುಸಂಗಪ್ಪ ಕೂಗುತ್ತ ಓಡಿದ. ಅವನು ಓಡುವುದನ್ನು ಕಂಡು ಗಡಿಬಿಡ್ಯಾನಿಗೆ ಖುಷಿಯೋ ಖುಷಿ. ಅಂತೂ ಮುದುಕ ಎದ್ದನಲ್ಲ! ಬಾಲ ಮೇಲೆ ಮಾಡಿ ಇನ್ನೂ ಜೋರಾಗಿ ಓಡಿದ. ಇವನು ಹತ್ತು ಹೆಜ್ಜೆ ಹಾಕಿದರೆ ಅದು ನಲವತ್ತು ಹಾಕುತ್ತಿತ್ತು. ಎದುರಿಗೆ ಸರ್ಕಲ್ಲು, ಸರ್ಕಲ್ಲಿನಾಚೆ ಲಾರಿಗಳು. ಒಂದೊಂದು ಜಿಗಿತಕ್ಕೂ ಗುರುಸಂಗಪ್ಪನ ಕಣ್ಣ ಮುಂದೆ ಆ ಕೂದಲೆಳೆಯ ಬಿರುಕು ಬಂದು ಜೀವ ಹಾರಿಹೋಗುತ್ತಿತ್ತು.

"ಓಡಬ್ಯಾಡ್ರೀ!" ಓಣಿಯ ಬಾಯಿಂದ ಚನ್ನವ್ವನ ಕೂಗು ಬಂತು. "ನೀವು ಓಡಿದ್ರ ಅದು ಓಡತೈತಿ! ಕುಂದರ್ರಿ! ಅಲ್ಲೇ ಕುಂದರ್ರಿ!"

ಕೂಡುವುದೇ? ಅದು ಲಾರಿಯ ಗಾಲಿಗೆ ಹೋಗುತ್ತಿರುವಾಗ? ಅವನ ಮೈಯ ಒಂದೊಂದು ನರವೂ ಓಡು ಎನ್ನುತ್ತಿತ್ತು. ಅದಕ್ಕೆ ಉಲ್ಟಾ ಮಾಡಲು ಎಷ್ಟು ಶಕ್ತಿ ಬೇಕಾಯಿತೆಂದರೆ, ಮೂವತ್ತೊಂದು ವರ್ಷದಲ್ಲಿ ಅವನು ಹಾಕಿದ ಬ್ರೇಕುಗಳೆಲ್ಲ ಸೇರಿದರೂ ಅಷ್ಟಾಗುತ್ತಿರಲಿಲ್ಲ. ಗುರುಸಂಗಪ್ಪ ನಿಂತ. ಕುನ್ನಿಗೆ ಬೆನ್ನು ಮಾಡಿದ. ಗಜೇಂದ್ರಗಡ ರಸ್ತೆಯ ಡಾಂಬರಿನ ಮೇಲೆ, ಹಾಡಹಗಲಲ್ಲಿ, ಸಂಸಾರಸ್ಥರೆಲ್ಲ ನೋಡುತ್ತಿರುವಾಗ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

ಹೊಸ ಬಸ್ಸನ್ನು ಅಡ್ಡ ನಿಲ್ಲಿಸಿ ಪರಶು ಕಿಟಕಿಯಿಂದ ತಲೆ ಹಾಕಿದ. "ಏನಾತ್ರಿ ಅಣ್ಣಾರ? ಆರಾಮ ಅದೀರಿಲ್ಲೋ?" ಗುರುಸಂಗಪ್ಪ ತಲೆ ಎತ್ತಲಿಲ್ಲ. ಹಿಂದೆ ಎಲ್ಲೋ ಲಾರಿಯ ಬ್ರೇಕು ಕಿರುಚಿತು. ತಿರುಗಿ ನೋಡಲಿಲ್ಲ. ನೋಡಿದರೆ ಎದ್ದುಬಿಡುತ್ತೇನೆ ಎಂದು ಅವನಿಗೆ ಗೊತ್ತಿತ್ತು. ಎರಡೂ ಕೈಯಿಂದ ತನ್ನ ಮೊಣಕಾಲನ್ನು ಹಿಡಿದು ನೆಲಕ್ಕೆ ಒತ್ತಿಕೊಂಡು ಕೂತ. ಡಾಂಬರು ಸುಡುತ್ತಿತ್ತು. ಪಾಪ, ಇದರ ಮೇಲೆ ಆ ಕುನ್ನಿಯನ್ನು ಓಡಿಸಿದೆನಲ್ಲ ಎಂದು ಕಣ್ಣಲ್ಲಿ ನೀರು ಬಂತು.

ಆಮೇಲೆ ಕುತ್ತಿಗೆಯ ಹಿಂದೆ ಒದ್ದೆ ಮೂಗು ತಾಗಿತು.

ಗಡಿಬಿಡ್ಯಾ ತೇಕುತ್ತ ಮುಂದಕ್ಕೆ ಬಂದು ಅವನ ತೊಡೆಯ ಮೇಲೆ ಗದ್ದವಿಟ್ಟ. ಗುರುಸಂಗಪ್ಪ ಒಂದು ಕೈಯಲ್ಲಿ ಅದನ್ನು ಬಿಗಿಯಾಗಿ ಅಪ್ಪಿಕೊಂಡು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಎಲುಬಿನ ಗುಂಟ ಒತ್ತಿ ನೋಡಿದ. ಮೇಲಿಂದ ಕೆಳಕ್ಕೆ, ಮತ್ತೆ ಕೆಳಗಿಂದ ಮೇಲಕ್ಕೆ. ಕಾಲು ಎಳೆದುಕೊಳ್ಳಲಿಲ್ಲ. ಅವನ ಕೈ ನೆಕ್ಕಿತು. ಏನೂ ಆಗಿರಲಿಲ್ಲ.

ಹಾಗೆಯೇ ಕೂತು ಓಣಿಯ ಕಡೆ ನೋಡಿದ. ಚನ್ನವ್ವ ಕೊರಳಪಟ್ಟಿ, ಹಗ್ಗ ಹಿಡಿದುಕೊಂಡು ಬರುತ್ತಿದ್ದಳು. ಅವಳು ಅಷ್ಟು ದೂರದಿಂದ ತನ್ನ ಕಡೆಗೆ ನಡೆದು ಬರುವುದನ್ನು ಅವನು ನೋಡುತ್ತಿದ್ದದ್ದು ಅದೇ ಮೊದಲು. ಇಷ್ಟು ವರ್ಷ ಹೋಗಿ ಬರುತ್ತಿದ್ದವನು ಅವನು, ಬಾಗಿಲಲ್ಲಿ ನಿಂತಿರುತ್ತಿದ್ದವಳು ಅವಳು. ಐವತ್ತು ಹೆಜ್ಜೆಯ ದಾರಿ. ಅವಳು ಎಡಗಾಲು ಊರುತ್ತಿದ್ದಳು, ಬಲಗಾಲನ್ನು ಪಕ್ಕಕ್ಕೆ ಎಳೆದು ತರುತ್ತಿದ್ದಳು, ನಡುವೆ ಒಂದು ಸಲ ಕರೆಂಟಿನ ಕಂಬ ಹಿಡಿದು ನಿಂತಳು, ಮತ್ತೆ ಬಂದಳು.

ಅವಳು ಬಂದು ತಲುಪಿದಾಗ ಗುರುಸಂಗಪ್ಪ ಕುನ್ನಿಯ ಸುದ್ದಿ ಹೇಳಲಿಲ್ಲ.

"ಯಾವಾಗಿಂದ ಕುಂಟಾಕತ್ತಿ?" ಎಂದ.

ಚನ್ನವ್ವ ಬಗ್ಗಿ ಕುನ್ನಿಗೆ ಕೊರಳಪಟ್ಟಿ ಹಾಕುತ್ತಿದ್ದಳು. "ನಾಕು ವರ್ಷ ಆತಲ್ರಿ," ಎಂದಳು, ಅವನಿಗೆ ಗೊತ್ತಿರುವ ಮಾತೆನ್ನುವಂತೆ.

ಟ್ರ್ಯಾಕ್ಟರಿನವನು ಹಾರ್ನು ಹೊಡೆದ. ಗುರುಸಂಗಪ್ಪ ಎದ್ದ. ಕುನ್ನಿಯನ್ನು ಒಂದು ಬಗಲಿಗೆ ಎತ್ತಿಕೊಂಡ, ಇನ್ನೊಂದು ತೋಳನ್ನು ಹೆಂಡತಿಗೆ ಕೊಟ್ಟ. ನಡುರಸ್ತೆಯಲ್ಲಿ ಇದೇನು ಎಂದು ಅವಳು ನಾಚಿದಳು, ಆದರೂ ಹಿಡಿದುಕೊಂಡಳು. ಪರಶು ಬಸ್ಸನ್ನು ನಿಲ್ಲಿಸಿಕೊಂಡೇ ಇದ್ದ. ಅವರು ಓಣಿ ಮುಟ್ಟಲು ಬಹಳ ಹೊತ್ತು ಹಿಡಿಯಿತು.